ನಾನ್ ರಿಟರ್ನಬಲ್

ಪೀಣ್ಯದ ಕಾರ್ಖಾನೆಯಲ್ಲಿ ವೆಲ್ಫೇರ್ ಆಫೀಸರ್ ಆಗಿದ್ದವನಿಗೆ ನಗು ಬರೋ ಸಂಗತಿಗಳಿಗೆ ಬರ ಇಲ್ಲ ಕಣ್ರೀ. ನಕ್ಕಾದ ಮೇಲೆ ಊಟ ಸೇರಲ್ಲ, ಅಷ್ಟೇ. ಎಪ್ಪತ್ತರ ದಶಕದ ಕೊನೆಯ ಮಾತಿದು. ಕ್ಯಾಂಟೀನ್ ಸಾಂಬಾರು ನೀರಾದ್ರೂ ನನ್ನ ಹತ್ರ ಬರ್ತಿದ್ರು, ಸಂಸಾರ ಒಡೆದ್ರೂ ನನ್ನ ಹತ್ರಾನೇ ಬರ್ತಿದ್ರು. ಸಾಂಬಾರಿಗಾದ್ರೆ ಬೇಳೆ ಹಾಕಿಸಬಹುದಿತ್ತು. ತಂದೆ ತಾಯಿ ಜಗಳ ಮಗುವಿಗೆ ತಾಗಬಾರದು ಅಂತ ನಾನು ಓದಿದ ಪುಸ್ತಕದಲ್ಲಿತ್ತು. ತಾಗದ ಹಾಗೆ ನೋಡ್ಕೊಳ್ಳೋದು ಹೇಗೆ ಅಂತ ಬರೆಯೋಕೆ ಆ ಪುಣ್ಯಾತ್ಮ ಮರೆತಿದ್ದ.

೧. ಕನ್ನಡದಿಂದ ಕನ್ನಡಕ್ಕೆ

ನಮ್ಮಲ್ಲಿ ಲೇತ್ ಮೇಲೆ ಕೆಲಸ ಮಾಡೋ ಒಬ್ಬ ಟರ್ನರ್ ಇದ್ದ. ಅವನ ಹೆಂಡತಿ ಎರಡು ರಸ್ತೆ ಆಚೆ, ಮೋಟಾರಿಗೆ ತಂತಿ ಸುತ್ತೋ ಫ್ಯಾಕ್ಟರಿಯಲ್ಲಿದ್ದಳು. ಇಬ್ಬರೂ ಬೇರೆಯಾಗಿ ವರ್ಷ ಆಗಿತ್ತು. ಆರು ವರ್ಷದ ಮಗಳು ಅಮ್ಮನ ಹತ್ರ ಇದ್ದಳು. ವಾರಕ್ಕೊಮ್ಮೆಯಾದ್ರೂ ಅಪ್ಪನಿಗೆ ಮಗು ಸಿಗಬೇಕು ಅನ್ನೋದನ್ನ ತೀರ್ಮಾನ ಮಾಡೋಕೆ ಇಬ್ಬರನ್ನೂ ನನ್ನ ರೂಮಿಗೆ ಕರೆಸಿದೆ.

ಅವನು ನನ್ನ ಮುಖ ನೋಡಿಕೊಂಡು, "ಮಗೂಗೆ ಕೆಮ್ಮು ಹೋಯ್ತಾ ಅಂತ ಅವರನ್ನ ಕೇಳಿ ಸಾರ್" ಅಂದ. ಮೊಳ ದೂರದಲ್ಲಿ ಕೂತಿದ್ದ ಅವಳು ನನ್ನನ್ನೇ ನೋಡ್ತಿದ್ದಳು. ನಾನು ಕೇಳಿದೆ. "ಹೋಯ್ತು ಅಂತ ಅವರಿಗೆ ಹೇಳಿ ಸಾರ್" ಅಂದಳು. ನಾನು ಹೇಳಿದೆ. ಹೀಗೆ ಒಂದೂವರೆ ಗಂಟೆ ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಿ ಗಂಟಲು ಒಣಗಿಹೋಯ್ತು. ಕೊನೆಗೆ ಶನಿವಾರ ಮಧ್ಯಾಹ್ನ ನಮ್ಮ ಗೇಟಲ್ಲಿ ಅಮ್ಮ ಮಗೂನ ಅಪ್ಪನಿಗೆ ಕೊಡೋದು, ಸೋಮವಾರ ಬೆಳಿಗ್ಗೆ ಅಪ್ಪ ಅದೇ ಗೇಟಲ್ಲಿ ವಾಪಸ್ ಕೊಡೋದು ಅಂತ ಆಯ್ತು.

ಹೋಗ್ತಾ ಬಾಗಿಲಾಚೆ ಇಬ್ಬರೂ ನೇರವಾಗಿ ಮಾತಾಡಿಕೊಂಡಿದ್ದು ಕಿವಿಗೆ ಬಿತ್ತು. "ಈ ಸಾರ್‌ಗೆ ಏನೂ ತಿಳಿಯಲ್ಲ, ಪಾಪ" ಅಂದಳು. "ಹೂಂ" ಅಂದ. ನನ್ನ ಆಫೀಸಿನಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದೇ ವಿಷಯ.

೨. ತುಕ್ಕು ಹಿಡಿಯಲ್ಲ

ಮೂರನೇ ಸೋಮವಾರ ಅವಳು ನನ್ನ ಮೇಜಿನ ಮೇಲೆ ಎರಡು ತುಂಡು ತಂತಿ ಎಸೆದಳು. ಶನಿವಾರ ಎರಡು ಜಡೆ, ಕೆಂಪು ಟೇಪು ಕಟ್ಟಿ ಕಳಿಸಿದ ಮಗು, ಸೋಮವಾರ ಒಂದು ಜಡೆ ಕಿವಿ ಮೇಲೆ, ಇನ್ನೊಂದು ಬೆನ್ನ ಮೇಲೆ, ಎರಡಕ್ಕೂ ತಂತಿ ಬಿಗಿಸಿಕೊಂಡು ಬಂದಿತ್ತು. ಟೇಪು ಎಲ್ಲೋ ಬಿದ್ದುಹೋಗಿತ್ತಂತೆ. ಹೀಗೇ ಆದ್ರೆ ಮಗೂನ ಕಳಿಸೋದೇ ಇಲ್ಲ ಅಂತ ಅವಳು ಕೂತುಬಿಟ್ಟಳು.

ಆ ಶನಿವಾರಕ್ಕಾಗಿ ಅವನು ವಾರವೆಲ್ಲ ಹೇಗೆ ಕಾಯ್ತಾನೆ ಅಂತ ನಾನು ನೋಡಿದ್ದೆ. ಮಗು ಶುಕ್ರವಾರವೇ ಚೀಲ ತುಂಬಿಟ್ಟುಕೊಳ್ಳುತ್ತೆ ಅಂತ ಅವಳೇ ಹೇಳಿದ್ದಳು. ಅವನನ್ನ ಕರೆಸಿ, ತಪ್ಪಾಯ್ತು ಅಂತ ಒಂದು ಮಾತು ಹೇಳಪ್ಪಾ ಅಂತ ಗೋಗರೆದೆ. ಅವನು ತುಂಬ ಯೋಚನೆ ಮಾಡಿ ಹೇಳಿದ:

"ಸ್ಟೇನ್‌ಲೆಸ್ ತಂತಿ, ತುಕ್ಕು ಹಿಡಿಯಲ್ಲ ಅಂತ ಅವರಿಗೆ ಹೇಳಿ ಸಾರ್."

೩. ಎಣ್ಣು ಮಗು, ಒಂದು

ಅಂತೂ ಅವಳು ಮಗೂನ ಕಳಿಸೋದು ನಿಲ್ಲಿಸಲಿಲ್ಲ. ಆಮೇಲೆ ಹೊತ್ತಿನ ಜಗಳ ಶುರುವಾಯ್ತು. ಎರಡಕ್ಕೇ ಕೊಟ್ಟೆ ಅಂತ ಅವಳು, ಮೂರಾಗಿತ್ತು ಅಂತ ಅವನು. ಸಾಕಾಗಿ ಹೋಗಿ, "ಗೇಟಲ್ಲಿ ಬರೆದಿಟ್ಕೋಪ್ಪಾ" ಅಂತ ವಾಚ್‌ಮನ್‌ಗೆ ಹೇಳಿಬಿಟ್ಟೆ. ಅವನು ಅಲ್ಲೇ ಪಕ್ಕದ ಹಳ್ಳಿಯವನು, ಕಾರ್ಖಾನೆ ನಿಂತಿರೋ ಜಾಗದಲ್ಲೇ ಹಿಂದೆ ರಾಗಿ ಬೆಳೆದವನು. ಗೇಟ್ ಪಾಸ್ ಇಲ್ಲದೆ ಒಂದು ಸ್ಕ್ರೂ ಕೂಡ ಆಚೆ ಬಿಡ್ತಿರಲಿಲ್ಲ. ರಿಪೇರಿಗೆ ಹೋಗಿ ವಾಪಸ್ ಬರೋ ಮಾಲಿಗೆ ಹಳದಿ ಚೀಟಿ, ಅದು ರಿಟರ್ನಬಲ್. ಹೋದದ್ದು ಹೋಯ್ತು ಅನ್ನೋ ಮಾಲಿಗೆ ಬಿಳಿ ಚೀಟಿ, ಅದು ನಾನ್ ರಿಟರ್ನಬಲ್. ಎಲ್ಲಾ ಕನ್ನಡ ಅಕ್ಷರದಲ್ಲೇ ಬರೀತಿದ್ದ.

ಮುಂದಿನ ಶನಿವಾರ ನೋಡ್ತೀನಿ, ಹಳದಿ ಚೀಟಿ ಹರಿದು ಬರೆದಿದ್ದಾನೆ: ಎಣ್ಣು ಮಗು, ಒಂದು. ಸ್ಥಿತಿ, ಚೆನ್ನಾಗೈತೆ, ಸ್ವಲ್ಪ ನೆಗಡಿ. ರಿಟರ್ನಬಲ್. ಕೊಟ್ಟವರ ಸೈನು, ತಗೊಂಡವರ ಸೈನು. ನಾನು ನಾಚಿಕೆಯಿಂದ ಸತ್ತೆ. ಆದರೆ ಇಬ್ಬರೂ ತಕರಾರಿಲ್ಲದೆ ಸೈನ್ ಹಾಕಿದ್ರು, ಹೊತ್ತಿನ ಜಗಳ ಅವತ್ತೇ ನಿಂತುಹೋಯ್ತು. ರಿಟರ್ನಬಲ್ ಅಂದ್ರೇನು ಅಂತ ಮಗು ಕೇಳಿದ್ದಕ್ಕೆ ವಾಚ್‌ಮನ್, ವಾಪಸ್ ಬರೋದು ಕಣವ್ವ ಅಂತ ಹೇಳಿಕೊಟ್ಟ. ನಾನು ಎರಡು ವರ್ಷ ಕೂತು ಓದಿದ್ದನ್ನ ಅವನು ಒಂದು ಕಾರ್ಬನ್ ಹಾಳೆಯಲ್ಲಿ ಮುಗಿಸಿದ್ದ.

೪. ಕೊನೆಯ ಚೀಟಿ

ಶನಿವಾರ ಒಂದು, ಸೋಮವಾರ ಒಂದು ಹಳದಿ ಚೀಟಿ, ಏಳೆಂಟು ತಿಂಗಳು ಹೀಗೇ ನಡೀತು. ಆಮೇಲೆ ಅವಳು ಕೆಲಸ ಬಿಟ್ಟು ಆನೇಕಲ್ಲಿನ ಅಣ್ಣನ ಮನೆಗೆ ಹೊರಟಳು. ಆ ಅಣ್ಣ ಇವನಿಗೆ ಹೊಸ್ತಿಲು ತುಳಿಯೋಕೆ ಬಿಡೋನಲ್ಲ. ತಿಂಗಳಿಗೊಮ್ಮೆಯಾದ್ರೂ ಮಗೂನ ತೋರಿಸಮ್ಮಾ ಅಂತ ಬೇಡಿಕೊಂಡೆ. ಅವಳು ಒಪ್ಪಲಿಲ್ಲ. ಅವನಿಗೆ, ಕೋಪ ಬಿಟ್ಟು ನೀನೇ ಒಂದು ಮಾತು ಕೇಳಯ್ಯಾ ಅಂದೆ. ಅವನೂ ಕೇಳಲಿಲ್ಲ. ನನ್ನ ಕೈಲಿ ಏನೂ ಆಗಲಿಲ್ಲ.

ಕೊನೆಯ ಸೋಮವಾರ ಅಪ್ಪ ಮಗೂನ ಕರಕೊಂಡು ಗೇಟಿಗೆ ಬಂದ. ಈ ಸಲ ಜಡೆ ನೆಟ್ಟಗಿತ್ತು, ಟೇಪೂ ಇತ್ತು. ವಾಚ್‌ಮನ್ ಹಳದಿ ಪುಸ್ತಕ ತೆಗೆದ, ನನ್ನ ಮುಖ ನೋಡಿದ, ಅದನ್ನ ಕೆಳಗಿಟ್ಟು ಬಿಳಿ ಪುಸ್ತಕ ತಗೊಂಡ. ನಿಯಮ ನಿಯಮವೇ. ಬರೆದ, ಇಬ್ಬರ ಸೈನೂ ಆಯ್ತು.

ಮಗು ಆಗತಾನೇ ಓದೋಕೆ ಕಲಿತಿತ್ತು. ಚೀಟಿ ಕಿತ್ತುಕೊಂಡು, ಅಕ್ಷರದ ಮೇಲೆ ಬೆರಳಿಟ್ಟು, "ನಾನ್... ರಿ... ಟರ್ನಬಲ್" ಅಂತ ಓದಿತು. ಮುಖ ಅರಳಿಹೋಯ್ತು.

"ಅಪ್ಪಾ, ನೋಡು, ನಾನ್ ರಿಟರ್ನಬಲ್ ಅಂತೆ. ನಾನ್ ವಾಪಸ್ ಬರ್ತೀನಂತೆ. ವಾಚ್‌ಮನ್ ಅಜ್ಜನೇ ಬರ್ದಿದಾರೆ."

ಅವನು ನಕ್ಕುಬಿಟ್ಟ. ಅವಳಿಗೂ ನಗು ಬಂತು, ತಕ್ಷಣ ಸೆರಗು ಬಾಯಿಗೆ ಹಿಡಿದುಕೊಂಡಳು. ನಾನೂ ನಕ್ಕೆ. ನಾಲ್ಕು ಜನ ದೊಡ್ಡವರಿದ್ದೆವು, ಮಗು ಓದಿದ್ದನ್ನ ತಿದ್ದೋಕೆ ಒಬ್ಬರಿಗೂ ಬಾಯಿ ಬರಲಿಲ್ಲ. ಬಸ್ಸು ಬಂತು, ಹೋದರು. ಅವನು ಕಾರ್ಡ್ ಪಂಚ್ ಮಾಡಿ ಒಳಗೆ ಹೋದ. ನಾನು ರೂಮಿನ ಬಾಗಿಲು ಹಾಕಿಕೊಂಡು ಅತ್ತೆ.

ವರ್ಷದ ಕೊನೆಗೆ ಸ್ಟೋರ್ಸ್‌ನವರು ಗೇಟ್ ಚೀಟಿಗಳನ್ನ ತಾಳೆ ನೋಡೋಕೆ ಬಂದ್ರು. ವಾಪಸ್ ಬರಬೇಕಾದ ಮಾಲಿನ ಹಳದಿ ಚೀಟಿಗಳ ನಡುವೆ ಒಂದು ಬಿಳಿ ಚೀಟಿ ಸಿಕ್ಕಿತು. ಇದು ನಾನ್ ರಿಟರ್ನಬಲ್ ಅಲ್ವೇನಯ್ಯಾ, ಇಲ್ಲಿ ಯಾಕಿಟ್ಟಿದ್ದೀಯ ಅಂತ ವಾಚ್‌ಮನ್‌ನ ಗದರಿದ್ರು.

ಅವನು ಟೋಪಿ ತೆಗೆದು ಕೈಲಿ ಹಿಡಿದುಕೊಂಡ.

"ಆ ಮಗು ಎಂಗೆ ಓದ್ತೋ ಅಂಗೇ ಇಟ್ಟಿವ್ನಿ ಸಾರ್. ಮಾಲು ಇನ್ನೂ ಬಂದಿಲ್ಲ."