ವಿಮಾನದ ಚಹಾಕ್ಕೆ ನನ್ನ ವಿರೋಧ

ದುಬಾರಿ ವಸ್ತುಗಳ ಮೇಲೆ ನನಗೆ ಸಿಟ್ಟಿಲ್ಲ. ಬಂಗಾರ ದುಬಾರಿ, ಇರಲಿ. ಬಾಯಾರಿದಾಗ ಯಾರೂ ಬಂಗಾರ ಕುಡಿಯುವುದಿಲ್ಲ. ನನ್ನ ತಕರಾರು ಇರುವುದು ಅಗ್ಗದ ವಸ್ತು ದುಬಾರಿ ವೇಷ ಹಾಕಿಕೊಂಡು ಬರುವುದರ ಬಗ್ಗೆ. ಕುಂದಗೋಳದ ಬಸ್ ಸ್ಟ್ಯಾಂಡಿನ ಎದುರು ಕುದಿಯುವ ಚಹಾದಲ್ಲಿ ಪುಡಿ, ಸಕ್ಕರೆ, ಹಾಲು, ನೀರು ಇರುತ್ತವೆ, ಕೇಳಿದರೆ ಶುಂಠಿಯೂ ಇರುತ್ತದೆ. ವಿಮಾನದ ಚಹಾದಲ್ಲಿ ಶುಂಠಿ ಇರುವುದಿಲ್ಲ, ಕುದಿಯುವುದಂತೂ ಇಲ್ಲವೇ ಇಲ್ಲ. ಬಿಸಿನೀರಿಗೆ ಪುಡಿ ಸುರಿದು ಕಡ್ಡಿಯಿಂದ ತಿರುವಿದರೆ ಆಯಿತು. ಬೆಲೆ ಮಾತ್ರ ನಮ್ಮ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಕುಡಿಸುವಷ್ಟು. ಎತ್ತರಕ್ಕೇರಿದವರೆಲ್ಲ ಸೊಕ್ಕು ಮಾಡುತ್ತಾರೆ, ಚಹಾ ಯಾಕೆ ಬಿಟ್ಟೀತು ಎಂದು ನೀವು ಅನ್ನಬಹುದು. ಅದು ಹೋಲಿಕೆ, ವಾದವಲ್ಲ. ವ್ಯತ್ಯಾಸ ನನಗೆ ಗೊತ್ತು, ಯಾಕೆಂದರೆ ಕಾಲೇಜಿನಲ್ಲಿದ್ದಷ್ಟು ದಿನ ನಾನು ಚರ್ಚಾಸ್ಪರ್ಧೆಗಳಿಗೆ ಹೋಗಿ ಎದುರಿನವರನ್ನು ಅಳಿಸಿಯೇ ಬರುತ್ತಿದ್ದೆ. ಬಹುಮಾನವಾಗಿ ಗೆದ್ದ ಡಾಲುಗಳು ಮನೆಯ ಕಪಾಟಿನಲ್ಲಿವೆ. ಅವ್ವ ಅವುಗಳ ಹಿಂದೆ ಕರೆಂಟಿನ ಬಿಲ್ಲು ಸಿಗಿಸಿಡುತ್ತಾಳೆ.

ಇಂಥ ನನ್ನನ್ನು ಅಕ್ಕನ ಸಂಬಂಧದ ಮಾತಿಗೆ ಕರೆದುಕೊಂಡು ಹೋಗಬಾರದಿತ್ತು. ಆದರೆ ಚಿಕ್ಕಪ್ಪ ಬಸು ಕಾಕಾಗೆ ಬೇರೆ ದಾರಿ ಇರಲಿಲ್ಲ. ಹುಡುಗ ಪುಣೆಯಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದ. ಅವನು ಇರುವ ಮನೆಯನ್ನು ನಮ್ಮ ಕಡೆಯವರು ಹೋಗಿ ನೋಡಿ ಬರಬೇಕಿತ್ತು. ಹುಡುಗನ ತಂದೆ, ಅಣ್ಣಿಗೇರಿಯ ಗುರುಶಾಂತಪ್ಪನವರು, "ನಾನ ಬಂದು ತೋರಸ್ತೇನ್ರಿ" ಎಂದಿದ್ದರು. ಅವರಿಗೆ ಮೊಣಕಾಲು ನೋವು, ರಾತ್ರಿ ಬಸ್ಸು ಆಗದು. ಹೀಗಾಗಿ ಹುಬ್ಬಳ್ಳಿಯಿಂದ ವಿಮಾನ. ಮಣ್ಣಿನ ಬೆಲೆ ಹೇಳಿದರೂ ಚೌಕಾಶಿ ಮಾಡುವ ಕಾಕಾಗೆ ವಿಮಾನ ಹತ್ತುವ ಕ್ರಮ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅಕ್ಕನಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಎಷ್ಟು ಬಂದಿದ್ದ ಎಂದರೆ, ಹೊರಡುವ ಹಿಂದಿನ ದಿನ ನನ್ನ ಬಟ್ಟೆಗಳನ್ನು ತಾನೇ ಇಸ್ತ್ರಿ ಮಾಡಿಕೊಟ್ಟಳು. "ಶೈಲಾ, ನಿನ್ನ ಕಾಲಿಗೆ ಬೀಳ್ತೇನಿ, ಅವರ ಮುಂದ ವಾದಾ ಮಾಡಬ್ಯಾಡ" ಎಂದಳು. ನಾನು ಒಪ್ಪಿದೆ. ಒಪ್ಪಿಗೆಯಲ್ಲಿ ಚಹಾದ ಬಗ್ಗೆ ಒಂದು ಮಾತೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ನಮ್ಮ ಕಡೆ ಚಹಾ ಕೊಡುವುದಕ್ಕೊಂದು ಕ್ರಮವಿದೆ. ಕೊಡುವವರು "ತಗೋಳ್ರಿ" ಅನ್ನಬೇಕು. ತೆಗೆದುಕೊಳ್ಳುವವರು "ಬ್ಯಾಡ್ರಿ, ಈಗರ ಕುಡದ ಬಂದೇವಿ" ಅನ್ನಬೇಕು. ಕೊಡುವವರು "ಅರ್ಧಾ ಕಪ್ಪರೆ ತಗೋರಿ" ಅನ್ನಬೇಕು. ಮತ್ತೆ "ಬ್ಯಾಡ್ರಿ". "ನಮ್ಮ ಮ್ಯಾಲೆ ಸಿಟ್ಟದೇನ್ರಿ?" ಎಂದ ಮೇಲೆ ಕಪ್ಪು ಕೈಗೆ ಬರುತ್ತದೆ, ತುಂಬಿದ ಕಪ್ಪೇ ಬರುತ್ತದೆ. ಮೊದಲ ಸಲಕ್ಕೆ ಹೂಂ ಅಂದವನು ಆಸೆಬುರುಕ. ಮೊದಲ ಬ್ಯಾಡ್ರಿಗೆ ಸುಮ್ಮನಾದವನು ಜಿಪುಣ. ಬೀಗರ ವಿಷಯದಲ್ಲಂತೂ ಇದು ಮಾಫಿಯಿಲ್ಲದ ತಪ್ಪು.

ಗಗನಸಖಿ ಗಾಡಿ ತಳ್ಳಿಕೊಂಡು ಬಂದಳು. ಕಿಟಕಿಗೆ ಗುರುಶಾಂತಪ್ಪನವರು, ನಡುವೆ ಕಾಕಾ, ಈಚೆ ನಾನು. ಕಾಕಾ ಗತ್ತಿನಿಂದ, "ಬೀಗರ, ಚಹಾ ತಗೋಳ್ರಿ" ಎಂದ. ಅವರು ಕ್ರಮ ತಪ್ಪದೆ ಅಂಗೈ ಬೀಸಿ, "ಬ್ಯಾಡ್ರಿ, ಬ್ಯಾಡ್ರಿ" ಎಂದರು. ಆ ಹುಡುಗಿ ಯಾವ ಊರಿನವಳೋ. ಬೀಸಿದ ಕೈ ನೋಡಿದಳು, ನಕ್ಕಳು, ಗಾಡಿ ಮುಂದಕ್ಕೆ ತಳ್ಳಿದಳು.

ಕಾಕಾನ ಮುಖ ನೀವು ನೋಡಬೇಕಿತ್ತು. ಬೀಗರು ಕಿಟಕಿಯ ಕಡೆ ಕತ್ತು ತಿರುಗಿಸಿ ಮೋಡ ನೋಡತೊಡಗಿದರು. ಮನಸ್ಸಿಗೆ ನೋವಾದಾಗ ನಮ್ಮ ಹಿರಿಯರು ಹೀಗೆಯೇ ಬೇರೆ ಏನನ್ನಾದರೂ ನೋಡುತ್ತಾರೆ.

"ಏ ತಂಗಿ! ನಿಲ್ಲವಾ! ನಮ್ಮದಿನ್ನೂ ಮಾತ ಮುಗದಿಲ್ಲ!" ಎಂದು ಕಾಕಾ ಸೀಟಿನಿಂದ ಅರ್ಧ ಎದ್ದ. ಸೊಂಟದ ಪಟ್ಟಿ ಅವನನ್ನು ವಾಪಸ್ ಎಳೆದು ಕೂಡಿಸಿತು. ಗಾಡಿ ಹಿಂದಕ್ಕೆ ಬಂತು. "ಮೂರ ಚಹಾ" ಎಂದು ಬೆರಳು ತೋರಿಸಿದ. ಅವಳು ಒಂದರ ಬೆಲೆ ಹೇಳಿದಳು: ನೂರೈವತ್ತು. ಕಿಸೆಯೊಳಗೆ ಹೋದ ಕಾಕಾನ ಕೈ ಅಲ್ಲೇ ನಿಂತಿತು.

ಅಲ್ಲಿಯವರೆಗೆ ನಾನು ಸುಮ್ಮನಿದ್ದೆ, ದಾಖಲಾಗಲಿ.

ನನಗೆ ಬರುವ ಹಿಂದಿಯನ್ನೆಲ್ಲ ಕೂಡಿಸಿಕೊಂಡು ಕೇಳಿದೆ: "ನೆಲದ ಮೇಲೆ ಒಬ್ಬನ ಚಹಾ ತುಟ್ಟಿ ಅನಿಸಿದರೆ ಬಾಜೂ ಅಂಗಡಿಗೆ ಹೋಗುತ್ತೇನೆ. ಇಲ್ಲಿ ಬಾಜೂ ಅಂಗಡಿ ಎಲ್ಲಿದೆ? ಎಡಕ್ಕೆ ಮೋಡ, ಬಲಕ್ಕೆ ಮೋಡ. ಬಾಗಿಲು ಹಾಕಿಕೊಂಡು ಹೇಳುವ ಬೆಲೆಗೆ ವ್ಯಾಪಾರ ಅನ್ನುತ್ತಾರೇನು?" ಪಾಪ, ಅವಳದೇನೂ ತಪ್ಪಿಲ್ಲ, ಬೆಲೆ ಬರೆದವನು ಯಾವುದೋ ಆಫೀಸಿನಲ್ಲಿ ಪುಕ್ಕಟೆ ಚಹಾ ಕುಡಿಯುತ್ತ ಕೂತಿರುತ್ತಾನೆ. ಅವಳು ಮೆತ್ತಗೆ, "ಕೊಳ್ಳಲೇಬೇಕು ಅಂತ ಇಲ್ಲ ಮೇಡಂ. ನೀರು ಉಚಿತ, ಕೊಡಲೇ?" ಎಂದಳು. ಒಳ್ಳೆಯ ಉತ್ತರ, ಒಪ್ಪುತ್ತೇನೆ. ಆದರೆ ಎದುರಿನವರು ಒಳ್ಳೆಯ ಉತ್ತರ ಕೊಟ್ಟಾಗಲೇ ನನಗೆ ಹುರುಪು ಏರುವುದು. "ಬೀಗರಾಗುವವರಿಗೆ ಬರೀ ನೀರು ಕುಡಿಸಿ ಕಳಿಸಿದರೆ ನಮ್ಮ ಅಕ್ಕನ ಮದುವೆ ಆಗುತ್ತದೇನು? ಅದು ಗೊತ್ತಿದ್ದೇ ನೀವು ಈ ಬೆಲೆ ಇಟ್ಟಿದ್ದೀರಿ!"

ಹೇಳಿಬಿಟ್ಟ ಮೇಲೆ ಹೊಳೆಯಿತು: ಬೀಗರ ಚಹಾದ ಲೆಕ್ಕವನ್ನು ಬೀಗರ ಕಿವಿಯಲ್ಲೇ ಮಾಡಿದ್ದೆ. ಹಿಂದಿ ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಮನೆಯಲ್ಲಿ ಫೋನು ಹಿಡಿದು ಕೂತಿರುವ ಅಕ್ಕ ಕಣ್ಣ ಮುಂದೆ ಬಂದಳು. ಕಾಕಾ ಗಡಬಡಿಸಿ ದುಡ್ಡು ಕೊಟ್ಟು ಮೂರು ಕಪ್ಪು ಇಸಿದುಕೊಂಡ.

ಗುರುಶಾಂತಪ್ಪನವರು ಮೋಡ ನೋಡುವುದನ್ನು ಬಿಟ್ಟು ಒಂದು ಗುಟುಕು ಕುಡಿದು ಕೇಳಿದರು: "ಈಕಿ ಅಕ್ಕನೂ ಹಿಂಗ ಮಾತಾಡ್ತಾಳೇನ್ರಿ?"

"ಛೇ ಛೇ, ಇಲ್ಲರಿ. ಆಕಿ ಅಗದಿ ಆಕಳ ಇದ್ದಂಗ" ಎಂದ ಕಾಕಾ.

"ಸುಳ್ಳ ಯಾಕ ಹೇಳ್ತಿ ಕಾಕಾ? ನನಗಿಂತಾ ಜೋರ ಮಾತಾಡ್ತಾಳರಿ. ಆದ್ರ ಆಕಿ ಮೊದ್ಲ ಚಹಾ ಕುಡದು ಆಮ್ಯಾಲೆ ಮಾತಾಡ್ತಾಳ."

ಕಾಕಾ ಕಣ್ಣು ಮುಚ್ಚಿಕೊಂಡ. ಪುಣೆಯಲ್ಲಿ ಚಕ್ರ ನೆಲಕ್ಕೆ ಬಡಿಯುವವರೆಗೆ ತೆರೆಯಲಿಲ್ಲ. ನನ್ನ ಚಹಾ ಅಷ್ಟರಲ್ಲಿ ಆರಿ ನೀರಾಗಿತ್ತು. ಆರಿದ್ದನ್ನೇ ತಳ ಕಾಣುವವರೆಗೆ ಕುಡಿದೆ. ಬಿಟ್ಟಿದ್ದರೆ ಆ ಕಂಪನಿಗೆ ಎರಡು ಸಲ ಸೋತಂತೆ.

ಇಳಿಯುವಾಗ ಗುರುಶಾಂತಪ್ಪನವರು ಮೊಣಕಾಲು ಹಿಡಿದುಕೊಂಡು ಎದ್ದು ಕಾಕಾನ ಹೆಗಲ ಮೇಲೆ ಕೈ ಇಟ್ಟರು. "ನಮ್ಮ ಮನ್ಯಾಗ ಎಲ್ಲಾರೂ ಬರೇ ಹೇಳಿದಷ್ಟು ಕೊಡವ್ರ ಅದೇವ್ರಿ. ಯಾಕ ಇಷ್ಟು ಅಂತ ಕೇಳಾಕಿ ಒಬ್ಬಾಕಿ ಬೇಕಾಗಿತ್ತು. ಮನಿ ನೋಡ್ರಿ, ಮನಸ್ಸಿಗೆ ಬಂದ್ರ ಮುಂದಿನ ಮಾತ ಆಡೂಣು."

ಮನೆ ಮನಸ್ಸಿಗೆ ಬಂತು. ಸಂಬಂಧ ಕೂಡಿತು. ಇಷ್ಟಾದ ಮೇಲೆ ನನ್ನ ವಾದಕ್ಕೆ ಒಂದು ಡಾಲು ಬರಬೇಕಾಗಿತ್ತು, ಹೌದಲ್ಲ? ಕಾಕಾ ಈಗ ಕುಂದಗೋಳದ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ: "ಬೆಲಿ ನೋಡಲಿಲ್ಲ ನೋಡ್ರಿ, ಮೂರ ಚಹಾ ಅಂದೆ. ಆ ಚಹಾದ್ದ ಕೈಗುಣ!"

ಮೊನ್ನೆ ತಡೆಯಲಾಗದೆ ಕೂಡಿಸಿಕೊಂಡು ಹೇಳಿದೆ. "ಕಾಕಾ, ಚಹಾ ಮೊದಲ ಬಂತು, ಸಂಬಂಧ ಆಮ್ಯಾಲೆ ಕೂಡಿತು. ಅಂದ ಮಾತ್ರಕ್ಕ ಚಹಾದಿಂದನ ಕೂಡಿತು ಅಂತಲ್ಲ. ಚಹಾ ಕುಡಸದನ ಒಂದ ಸಲ ನೋಡಿದ್ರ ಅಲ್ಲೇನು ಗೊತ್ತಾಗೂದು?"

"ಖರೇ ಐತಿ ಬಿಡ ಶೈಲಾ" ಎಂದ ಕಾಕಾ. "ಹಂಗಾರ ನಿನಗ ವರಾ ನೋಡೂವಾಗ ಬೀಗರಿಗೆ ಚಹಾ ಕುಡಸೂದ ಬ್ಯಾಡ. ಪರೀಕ್ಷಾ ಮಾಡೇ ಬಿಡೂಣು."

ವಾದ ಅಗದಿ ಸರಿಯಾಗಿದೆ. ಉತ್ತರ ಕೊಡಲು ನಾನು ಸ್ವಲ್ಪ ಕಾಲಾವಕಾಶ ಕೇಳಿದ್ದೇನೆ.