ಹಸಿರು ಬಣ್ಣದ ಬಹುಮಾನ

ಭಾವಮೈದುನ ಇಸ್ತ್ರಿ ಹಾಕಿಕೊಂಡದ್ದು ಒಂದೇ ಒಂದು ಪ್ಯಾಂಟಿಗೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ಕುರ್ಚಿಗಳ ಮೇಲೆ ಅಡ್ಡ ಮಲಗಿಸಿ, ಹಳೇ ಚಾದರ ಹಾಸಿ, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಆ ಕಡೆಯಿಂದ ಈ ಕಡೆಗೆ ಓಡಿಸಿದ್ದು ಯಾವುದರ ಮೇಲೆ? ತಕ್ಕಡಿ ಸಾಹೇಬರ ದಿವಂಗತ ತಂದೆಯವರ, ಸಮುದ್ರದ ಅಲೆ ಏರುವ ಸರ್ಫ್ ಹಲಗೆಯ ಮೇಲೆ! ಹಲ್ಲುಜ್ಜುತ್ತ ನಡುಮನೆಗೆ ಬಂದ ಸಾಹೇಬರು ಅದನ್ನು ಕಂಡು ಕೂಗಿದ ಕೂಗಿಗೆ ಬಾಯಲ್ಲಿದ್ದ ಬ್ರಷ್ಷು ನೆಲಕ್ಕೆ ಬಿತ್ತು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿ ಹೊಕ್ಕು ತಕ್ಕಡಿ ಪರೀಕ್ಷಿಸಿ, ಮುಳ್ಳು ಕೂದಲೆಳೆಯಷ್ಟು ಓರೆಯಾಗಿದ್ದರೂ ದಂಡ ಹಾಕುವ ಮನುಷ್ಯ. ಅದಕ್ಕೇ ಬೀದಿಯವರು ತಕ್ಕಡಿ ಸಾಹೇಬರು ಎಂದು ಹೆಸರಿಟ್ಟಿದ್ದರು. ಎದುರಿಗೆ ಬಂದಾಗ ಕೈಯೆತ್ತಿ ವಂದಿಸುತ್ತಿದ್ದರು, ಮುಂದೆ ಹೋದ ಮೇಲೆ ಇನ್ನೇನೋ ಅನ್ನುತ್ತಿದ್ದರು.

"ಅದೇನು ಅಂದ್ಕೊಂಡಿದ್ದೀಯಾ? ಇಸ್ತ್ರಿ ಮೇಜು ಅಂದ್ಕೊಂಡ್ಯಾ? ನಮ್ಮಪ್ಪ ಸಮುದ್ರದಲ್ಲಿ ಅಲೆ ಸವಾರಿ ಮಾಡಿ ಗೆದ್ದ ಮೊದಲ ಬಹುಮಾನ ಕಣೋ ಅದು!"

ಭಾವಮೈದುನ ಪ್ಯಾಂಟನ್ನು ಮಡಿಸುತ್ತ, "ಗೊತ್ತು ಭಾವ, ಸಾವಿರ ಸಲ ಕೇಳಿದ್ದೀನಿ" ಎಂದ. ಎರಡು ದಿನಕ್ಕೆಂದು ಅಕ್ಕನ ಮನೆಗೆ ಬಂದು ತಿಂಗಳುಗಟ್ಟಲೆ ಠಿಕಾಣಿ ಹೂಡಿದವನು. "ಆದ್ರೆ ಒಂದು ಮಾತು ಕೇಳ್ತೀನಿ. ಪಂದ್ಯ ಗೆದ್ದವರಿಗೆ ಕಪ್ಪು ಕೊಡ್ತಾರೆ, ಪದಕ ಕೊಡ್ತಾರೆ. ಹಲಗೆ ಯಾರಾದ್ರೂ ಕೊಡ್ತಾರಾ? ಮಾವ ಯಾವುದೋ ಗುಜರಿಯಿಂದ ತಂದು ಕತೆ ಕಟ್ಟಿರ್ಬೇಕು."

ಸಾಹೇಬರ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಅನ್ನ ಹಾಕುವ ಮನೆಯಲ್ಲೇ ಕೂತು, ಆ ಮನೆ ಕಟ್ಟಿದವರನ್ನೇ ಸುಳ್ಳುಗಾರ ಅನ್ನುವುದೆಂದರೆ! ತಂದೆಯವರು ಸ್ಪರ್ಧೆಗಳ ಮನುಷ್ಯ. ನಡುಮನೆಯ ದೊಡ್ಡ ಗಡಿಯಾರ ನಡಿಗೆ ಪಂದ್ಯದಲ್ಲಿ ಬಂದದ್ದು, ಉದ್ದನೆಯ ಬೆಂಚು ಚದುರಂಗದಲ್ಲಿ ಬಂದದ್ದು. ಎಲ್ಲಕ್ಕಿಂತ ಅವರ ಜೀವ ಇದ್ದದ್ದು ಈ ಹಲಗೆಯ ಮೇಲೆ. ಕಿಟಕಿಗಳಿಗೆ ಬಣ್ಣ ಬಳಿಯುವಾಗಲೆಲ್ಲ ಮಿಕ್ಕ ಹಸಿರನ್ನು ಇದಕ್ಕೂ ಬಳಿದು, ಕಣ್ಣಿಟ್ಟು ಕಾಪಾಡಿದ್ದರು. "ಅವತ್ತು ಅಲೆ ಮೇಲೆ ಹೊರಟವನು ಎಲ್ಲೂ ನಿಲ್ಲಲಿಲ್ಲ, ಸೀದಾ ಮನೆಗೇ ಬಂದೆ" ಎಂದು ಹೇಳುವಾಗ ಅವರ ಮುಖ ಹೇಗೆ ಅರಳುತ್ತಿತ್ತು!

"ನಮ್ಮಪ್ಪ ಸುಳ್ಳು ಹೇಳಿದವರಲ್ಲ! ಇವತ್ತೇ ಇದನ್ನ ತಿಳಿದವರ ಹತ್ರ ತೋರಿಸ್ತೀನಿ. ಹಲಗೆಗೆ ವಯಸ್ಸೆಷ್ಟು, ಎಲ್ಲಿಯದು, ಯಾವಾಗಿನದು, ಎಲ್ಲಾ ಹೇಳಿಸ್ತೀನಿ. ನಿಜ ಅಂತಾದ್ರೆ ನೀನು ಬೀದೀಲಿ ನಿಂತು, ನಾಲ್ಕು ಜನರಿಗೆ ಕೇಳೋ ಹಾಗೆ, ನಮ್ಮಪ್ಪನ ಫೋಟೋ ಮುಂದೆ ತಪ್ಪಾಯ್ತು ಅನ್ಬೇಕು."

"ಸುಳ್ಳು ಅಂತಾದ್ರೆ?"

"ಸುಳ್ಳು ಅಂತಾದ್ರೆ ಆ ಕತೆ ಇನ್ನು ನನ್ನ ಬಾಯಲ್ಲಿ ಬರಲ್ಲ. ಹಲಗೆ ಮೇಲೆ ದಿನಾ ಇಸ್ತ್ರಿ ಹಾಕ್ಕೋ!"

ಅಡುಗೆಮನೆಯ ಬಾಗಿಲಲ್ಲಿ ಬಟಾಣಿ ಸುಲಿಯುತ್ತಿದ್ದ ಸಾಹೇಬರ ತಾಯಿ ತಲೆಯೆತ್ತಲಿಲ್ಲ. "ಎಲ್ಲಿಗಾದ್ರೂ ಹೊತ್ಕೊಂಡು ಹೋಗು. ಬಣ್ಣ ಮಾತ್ರ ಕೆರೀಬೇಡ. ನಿಮ್ಮಪ್ಪ ಹೇಳಿದ್ರು" ಎಂದರು.

"ಬಚ್ಚಲ ನಲ್ಲಿ ರಿಪೇರಿ ಮಾಡ್ತೀನಿ ಅಂದಿದ್ರಿ" ಎಂದು ಹೆಂಡತಿ ನೆನಪಿಸಿದಳು. ಆದರೆ ಅಷ್ಟರಲ್ಲಿ ಹಲಗೆಯ ಒಂದು ತುದಿ ಸಾಹೇಬರ ಹೆಗಲೇರಿ, ಇನ್ನೊಂದು ತುದಿ ಭಾವಮೈದುನನ ಹೆಗಲೇರಿ, ಮೆರವಣಿಗೆ ಬೀದಿಗೆ ಬಂದಾಗಿತ್ತು.

ಬೀದಿಯಲ್ಲಿ ಮೂಗು ತೂರಿಸುವವರಿಗೆ ಬರವೇ? ಮೊದಲು ಎದುರಾದವನು ಬಡಗಿ. ಹಲಗೆಯನ್ನು ತನ್ನ ಮೇಜಿನ ಮೇಲೆ ಇಳಿಸಿಕೊಂಡು, ಬೆರಳಿನಿಂದ ಬಡಿದು, ಕಿವಿಯಿಟ್ಟು ಕೇಳಿ, ಡಾಕ್ಟರನ ಹಾಗೆ ತಲೆಯಾಡಿಸಿದ.

"ಒಳಗೆ ಹಗುರ ಮರ ಇದೆ ಸಾಹೇಬ್ರೇ. ಮರದ ವಯಸ್ಸು ತಿಳಿಯೋದು ನನಗೆ ಬಿಡಿ" ಎಂದವನೇ ಗರಗಸ ತೆಗೆದು, ಇವರು ಹಾಂ ಹೂಂ ಅನ್ನುವ ಮೊದಲೇ ಹಿಂದಿನ ತುದಿಯ ಒಂದು ಮೂಲೆಯನ್ನು ಕೊಯ್ದು ಕೈಗೆ ತೆಗೆದುಕೊಂಡ.

"ಅಯ್ಯೋ! ಏನಯ್ಯಾ ಮಾಡ್ದೆ!"

"ವಯಸ್ಸು ತಿಳೀಬೇಕಾದ್ರೆ ಕೊಯ್ದೇ ನೋಡ್ಬೇಕಲ್ವಾ?"

"ನಿನ್ನ ವಯಸ್ಸು ಎಷ್ಟು ಅಂತ ನನಗೂ ತಿಳೀಬೇಕು! ಆ ಗರಗಸ ಇತ್ಲಾಗೆ ಕೊಡು!"

ಬಡಗಿ ಗರಗಸವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ತುಂಡನ್ನು ಬೆಳಕಿಗೆ ಹಿಡಿದು, "ಇಷ್ಟು ಸಣ್ಣ ತುಂಡಲ್ಲಿ ಏನೂ ತಿಳಿಯಲ್ಲ, ಇನ್ನೊಂದು ಸ್ವಲ್ಪ..." ಎನ್ನುವಷ್ಟರಲ್ಲಿ ಸಾಹೇಬರು ಹಲಗೆಯನ್ನು ಕಿತ್ತುಕೊಂಡು, ತುಂಡನ್ನು ಜೇಬಿಗೆ ಹಾಕಿಕೊಂಡು, ಬುಸುಗುಡುತ್ತ ಹೊರಬಿದ್ದರು.

ಸಮುದ್ರದ ದಡಕ್ಕೆ ಒಯ್ಯೋಣವೆಂದರೆ ಬಸ್ಸಿನವನು ಹಲಗೆಯನ್ನು ಹತ್ತಿಸಿಕೊಳ್ಳಲಿಲ್ಲ. ಹೆಗಲು ಬಿದ್ದುಹೋಗುತ್ತಿತ್ತು. ಆಗ ಬಂದವನು ಕಿರಾಣಿ ಅಂಗಡಿಯವನು, ಸಾಮಾನು ಸಾಗಿಸುವ ತನ್ನ ತಳ್ಳುಗಾಡಿಯನ್ನು ಉರುಳಿಸಿಕೊಂಡು, ಮುಖದ ತುಂಬ ನಗೆ ಹೊತ್ತುಕೊಂಡು. ಹೋದ ತಿಂಗಳು ಅವನ ತಕ್ಕಡಿಯಲ್ಲಿ ಒಂದು ಚಿಟಿಕೆ ಸಕ್ಕರೆ ಕಮ್ಮಿ ಬಂತೆಂದು ಸಾಹೇಬರು ಅದನ್ನು ಜಪ್ತಿ ಮಾಡಿ ದಂಡ ಹಾಕಿದ್ದರು. ಅವನು ತಂದಿಟ್ಟ ಹೊಸ ತಕ್ಕಡಿಗೆ ಮಾರನೇ ದಿನ ಪರೀಕ್ಷೆಯಿತ್ತು.

"ಗಾಡಿ ಮೇಲೆ ಹಾಕಿ ಸಾಹೇಬ್ರೇ. ನಾನೇ ತಳ್ತೀನಿ. ತಂದೆ ಮರ್ಯಾದೆ ಅಂದ್ರೆ ಸುಮ್ನೆನಾ? ಬೇಕಾದ್ರೆ ಹೊಸ ತಕ್ಕಡೀಲಿ ತೂಗೂ ನೋಡೋಣ. ಹಳೇ ಮರ ಆದ್ರೆ ತೂಕ ಕಮ್ಮಿ ಇರುತ್ತೆ."

"ಆ ತಕ್ಕಡಿಗೆ ಇನ್ನೂ ಮುದ್ರೆ ಬಿದ್ದಿಲ್ಲ. ಮುದ್ರೆ ಇಲ್ಲದ ತಕ್ಕಡೀಲಿ ತೂಗೋದು ಅಪರಾಧ" ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತ. "ನಾಳೆ ಬರ್ತೀನಲ್ಲ, ಆಗ ನೋಡ್ತೀನಿ." ಕಿರಾಣಿಯವನ ನಗೆ ಸ್ವಲ್ಪ ಇಳಿಯಿತು. ಆದರೂ ಗಾಡಿ ತಳ್ಳಿದ.

ಸಮುದ್ರದ ದಡದಲ್ಲಿ ತಗಡಿನ ಷೆಡ್ಡೊಂದರಲ್ಲಿ ಸರ್ಫ್ ಹಲಗೆಗಳ ರಿಪೇರಿ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ರಿಪೇರಿಯಮ್ಮ ಅನ್ನುತ್ತಿದ್ದರು. ನರೆತ ಕೂದಲು, ಮೊಣಕೈವರೆಗೂ ಅಂಟು, ಬಾಯಿ ಬಲು ಜೋರು.

"ಈ ದಡದಲ್ಲಿ ಹಲಗೆ ವಿಷಯ ನನಗಿಂತ ಜಾಸ್ತಿ ತಿಳಿದವರು ಹುಟ್ಟಿಲ್ಲ, ಹುಟ್ಟೋದೂ ಇಲ್ಲ. ನಮ್ಮಪ್ಪ ಇಲ್ಲೇ ಕಾವಲು ಕಾಯ್ತಿದ್ದ. ನಾನು ನಡೆಯೋದು ಕಲಿತದ್ದೇ ಹಲಗೆ ಹಿಡ್ಕೊಂಡು. ಇಳಿಸಿ ಇಲ್ಲಿ" ಎಂದಳು. ಹಲಗೆಯ ಸುತ್ತ ಒಂದು ಸುತ್ತು ಬಂದಳು. ಕೊಯ್ದ ಮೂಲೆ ಕಂಡಿತು.

"ಯಾವ ಕಟುಕ ಮಾಡಿದ್ದು ಇದು?"

ಸಾಹೇಬರು ಜೇಬಿನಿಂದ ತುಂಡು ತೆಗೆದು ತೋರಿಸಿದರು. ರಿಪೇರಿಯಮ್ಮ ಅದನ್ನು ಮೂಸಿದಳು, ಉಗುರಿನಿಂದ ಒತ್ತಿದಳು. ಅವಳ ದನಿ ಬದಲಾಯಿತು.

"ಪೂರ್ತಿ ಮರ. ಮೇಲೆ ಗಾಜಿನ ನಾರಿನ ಬಟ್ಟೆ ಅಂಟಿಸಿದ್ದಾರೆ. ಫೋಮ್ ಹಲಗೆ ಬಂದ ಮೇಲೆ ಹೀಗೆ ಮಾಡೋದು ಎಲ್ಲರೂ ಬಿಟ್ರು. ಕೆಳಗಿನ ರೆಕ್ಕೆ ನೋಡಿ, ಅದೂ ಮರದ್ದೇ, ಒಂದೇ ಒಂದು. ಕಾಲಿಗೆ ಹಗ್ಗ ಕಟ್ಕೊಳ್ಳೋಕೆ ತೂತು ಇಲ್ಲ. ಆ ಕಾಲದಲ್ಲಿ ಹಗ್ಗ ಕಟ್ತಿರಲಿಲ್ಲ, ಬಿದ್ರೆ ಈಜ್ಕೊಂಡು ಹೋಗಿ ಹಿಡೀಬೇಕಿತ್ತು. ಇಲ್ಲಿ ಎರಡು ಗುಳಿ ಇವೆಯಲ್ಲ, ಮೊಣಕಾಲೂರಿ ಕೈಯಲ್ಲಿ ನೀರು ತಳ್ಕೊಂಡು ಹೋದ ಗುರುತು. ಚೆನ್ನಾಗಿ ದುಡಿದ ಹಲಗೆ ಇದು. ಅರವತ್ತು ವರ್ಷಕ್ಕೆ ಮೇಲೇ ಆಗಿದೆ." ಮತ್ತೆ ಬಗ್ಗಿದಳು. "ಈ ಮೂರು ಮೂಲೆಯ ಸುಟ್ಟ ಗುರುತು ಮಾತ್ರ ಎಲ್ಲೂ ನೋಡಿಲ್ಲ. ಇದು ಯಾವ ಕಾಲದ್ದು?"

"ಇವತ್ತು ಬೆಳಿಗ್ಗೆದು" ಎಂದು ಸಾಹೇಬರು ಭಾವಮೈದುನನನ್ನು ದುರುಗುಟ್ಟಿ ನೋಡಿದರು.

ಅವನು ತಲೆ ಕೆರೆದುಕೊಂಡ. ಹೇಳಲೇಬೇಕು, ಅವನು ಕೆಟ್ಟವನೇನಲ್ಲ. "ಸರಿ ಭಾವ, ಒಪ್ಪಿದೆ. ಹಲಗೆ ಹಳೇದು, ಸಮುದ್ರ ಕಂಡಿದೆ. ನಂದು ತಪ್ಪಾಯ್ತು. ಬನ್ನಿ, ಮನೆಗೆ ಹೋಗೋಣ, ಹೊಟ್ಟೆ ಹಸೀತಿದೆ."

ಇಲ್ಲಿಗೆ ನಿಲ್ಲಿಸಿದ್ದರೆ ಸಾಹೇಬರಿಗೆ ಏನಾಗುತ್ತಿತ್ತು, ನೀವೇ ಹೇಳಿ? ಗೆದ್ದಾಗಿತ್ತು. ಆದರೆ ಬೆಳಿಗ್ಗೆಯಿಂದ ಕುದಿಯುತ್ತಿದ್ದ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯಬೇಕಲ್ಲ! ಇಸ್ತ್ರಿಯ ಬಿಸಿಗೆ ಹಸಿರು ಬಣ್ಣ ಉಬ್ಬಿ ಒಂದು ಕಡೆ ಎದ್ದಿತ್ತು. ಅದರಡಿಯಲ್ಲಿ ಬಿಳಿಯ ಗೆರೆಯೊಂದು ಇಣುಕುತ್ತಿತ್ತು.

"ಅಕ್ಷರ! ಬಹುಮಾನದ ಬರಹ ಅದು! ಮೊದಲ ಬಹುಮಾನ ಅಂತ ಬರೆದಿರ್ತಾರೆ. ಕೆರೀರಿ ಅಮ್ಮ, ಇವನು ಕಣ್ಣಾರೆ ನೋಡ್ಲಿ!"

"ಬೇಡ ಭಾವ" ಎಂದ ಭಾವಮೈದುನ. "ಅತ್ತೆ ಬೇಡ ಅಂದಿದ್ರು."

"ಹಳೇ ಹಲಗೆ, ಇಷ್ಟಕ್ಕೇ ಬಿಡಿ. ನನ್ನ ಕೈಯಲ್ಲಿ ಆಗಲ್ಲ" ಎಂದಳು ರಿಪೇರಿಯಮ್ಮ.

"ನಾನೇ ಕೆರೀತೀನಿ! ಅರ್ಧ ನಿಜ ನನಗೆ ಬೇಡ!"

ಸಾಹೇಬರು ಗೋಡೆಗೆ ನೇತುಹಾಕಿದ್ದ ಕೆರೆಯುವ ಉಳಿ ಎತ್ತಿಕೊಂಡರು. ಹಸಿರು ಸಿಪ್ಪೆ ಸಿಪ್ಪೆಯಾಗಿ ಉದುರತೊಡಗಿತು. ಗಲಾಟೆ ಕೇಳಿ ದಡದಲ್ಲಿದ್ದವರೆಲ್ಲ ಷೆಡ್ಡಿನ ಬಾಗಿಲಿಗೆ ಬಂದರು. ಸಾಹೇಬರು ಶಾಲೆಯ ಹುಡುಗನ ಹಾಗೆ ಗಟ್ಟಿಯಾಗಿ ಓದಿದರು.

"ಕಡಲ... ನೋಡಿದ್ಯಾ! ಕಡಲ ಪಂದ್ಯ ಅಂತಲೇ ಇದೆ!" ಕೆರೆದರು. "ಕಡಲ ಕಾವಲು ಪಡೆ."

"ಕಾವಲು ಪಡೆಯವರೇ ಪಂದ್ಯ ನಡೆಸಿರ್ಬಹುದು" ಎಂದ ಭಾವಮೈದುನ, ಪಾಪ, ಸಹಾಯಕ್ಕೆ.

"ಮತ್ತೇನು!" ಎಂದು ಸಾಹೇಬರು ಇನ್ನೂ ಹುರುಪಿನಿಂದ ಕೆರೆದರು. "ಮುಳುಗುವವರ ರಕ್ಷಣೆಗೆ ಮಾತ್ರ." ಕೈ ನಿಧಾನವಾಯಿತು. ಆದರೆ ಸುತ್ತ ಜನ ಕಾಯುತ್ತಿದ್ದರು. ಕೊನೆಯ ಸಾಲನ್ನು ಸಾಹೇಬರು ಕೆರೆದರೇ ಹೊರತು ಓದಲಿಲ್ಲ. ಓದಿದವನು ಕಿರಾಣಿಯವನು, ಬಾಯ್ತುಂಬ. "ಇಲ್ಲಿಂದ ಒಯ್ದವರಿಗೆ ದಂಡ!"

ಯಾರೋ ಕಿಸಕ್ಕನೆ ನಕ್ಕರು. ರಿಪೇರಿಯಮ್ಮ ನಗಲಿಲ್ಲ. ಬಿಳಿ ಅಕ್ಷರಗಳ ಮೇಲೆ ಅಂಗೈ ಇಟ್ಟಳು. ಆಮೇಲೆ ಶುರುವಾಯಿತು.

"ನಮ್ಮಪ್ಪ ಸುಳ್ಳು ಹೇಳಿದವನಲ್ಲ!"

ಆ ಮಾತು ಸಾಹೇಬರ ಎದೆಗೇ ಬಂದು ತಗುಲಿತು. ಬೆಳಿಗ್ಗೆಯಿಂದ ತಾವೇ ಆಡುತ್ತಿದ್ದ ಮಾತಲ್ಲವೇ?

"ಕಾವಲು ಪಡೆಯ ಹಲಗೆ ಕಾಣೆಯಾದಾಗ, ಯಾರೋ ಹೊತ್ಕೊಂಡು ಹೋದ್ರು ಅಂತ ನಮ್ಮಪ್ಪ ಬಡ್ಕೊಂಡ. ಒಬ್ರೂ ನಂಬ್ಲಿಲ್ಲ! ನೀನೇ ಮಾರ್ಕೊಂಡೆ ಅಂದ್ರು. ಕೆಲಸದಿಂದ ತೆಗೆದ್ರು. ಈ ಷೆಡ್ಡು ಹಾಕ್ಕೊಂಡ, ಕಂಡೋರ ಹಲಗೆ ರಿಪೇರಿ ಮಾಡ್ದ. ಸಾಯೋವಾಗಲೂ ಹೇಳ್ದ ರೀ, ನಾನು ಮಾರ್ಲಿಲ್ಲ ಮಗಳೇ ಅಂತ! ನಿಮ್ಮಪ್ಪ ಮನೇಲಿ ಕೂತು ಬಹುಮಾನ ಅಂತ ಬಣ್ಣ ಬಳೀತಿದ್ರಾ?"

ಸಾಹೇಬರಿಗೆ ನೆಲ ಬಿರಿದು ತಮ್ಮನ್ನು ನುಂಗಬಾರದೇ ಅನ್ನಿಸಿತು. ಷೆಡ್ಡಿನೊಳಗೆ ಮಸಿ ಹಿಡಿದ ಫೋಟೋ ಒಂದಿತ್ತು, ಅದರಲ್ಲಿ ಶಿಳ್ಳೆ ಕೊರಳಿಗೆ ಹಾಕಿಕೊಂಡ ತೆಳ್ಳಗಿನ ಮನುಷ್ಯ. ಯಾರೂ ಹೇಳಲಿಲ್ಲ, ಸಾಹೇಬರೇ ಅದರ ಮುಂದೆ ಹೋಗಿ ನಿಂತರು. ಭಾವಮೈದುನನ ಬಾಯಿಂದ ಬೀದಿಯಲ್ಲಿ ಕೇಳಿಸಬೇಕೆಂದಿದ್ದ ಮಾತನ್ನು ತಮ್ಮ ಬಾಯಿಂದಲೇ, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದರು. "ತಪ್ಪಾಯ್ತು."

ಹಲಗೆ ಅಲ್ಲೇ ಉಳಿಯಿತು. ಖಾಲಿ ಗಾಡಿ ತಳ್ಳುತ್ತ ಕಿರಾಣಿಯವನು ದಾರಿಯುದ್ದಕ್ಕೂ ಶಿಳ್ಳೆ ಹಾಕಿದ.

ಮನೆಗೆ ಬಂದಾಗ ತಾಯಿ ಅದೇ ಬಾಗಿಲಲ್ಲಿ ಕೂತಿದ್ದರು. ಮಗನ ಬರಿಗೈ ನೋಡಿದರು, ಅಂಗಿಯ ಮೇಲೆ ಅಂಟಿದ್ದ ಹಸಿರು ಚಕ್ಕೆ ನೋಡಿದರು.

"ಬಣ್ಣ ಕೆರೀಬೇಡ ಅಂದಿದ್ದೆ."

"ನಿಂಗೆ ಗೊತ್ತಿತ್ತಾ ಅಮ್ಮಾ?"

"ನನಗೇನು ಗೊತ್ತು? ಮದುವೆಯಾದ ಮೇಲೆ ಆ ದಡದ ಕಡೆ ನನ್ನ ಒಂದು ಸಲಾನೂ ಕರ್ಕೊಂಡು ಹೋಗ್ಲಿಲ್ಲ ನಿಮ್ಮಪ್ಪ. ರೈಲ್ವೆ ಸ್ಟೇಷನ್ನಿಗೂ ಅಷ್ಟೇ. ಪಾರ್ಕಿಗೂ ಅಷ್ಟೇ" ಎಂದು ತಾಯಿ ಎದ್ದು ಒಳಗೆ ಹೋದರು.

ಸಾಹೇಬರು ಬೆಂಚಿನ ಮೇಲೆ ಕುಸಿದರು. ಎದುರು ಗೋಡೆಯ ಮೇಲೆ ದೊಡ್ಡ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಅದರ ಚೌಕಟ್ಟಿಗೆ ಹಸಿರು ಬಣ್ಣ. ಮೆಲ್ಲಗೆ ತಲೆ ಬಗ್ಗಿಸಿ ಕೂತ ಬೆಂಚನ್ನು ನೋಡಿದರು. ಅದಕ್ಕೂ ಹಸಿರು, ದಪ್ಪನೆಯ ಹಸಿರು, ವರ್ಷ ವರ್ಷ ಬಳಿದದ್ದು. ಕೆಂಡ ಮುಟ್ಟಿದವರ ಹಾಗೆ ಎದ್ದು ನಿಂತರು.

"ಏಳ್ತೀರಾ ಭಾವ? ಒಳ್ಳೇದಾಯ್ತು" ಎಂದು ಭಾವಮೈದುನ ಬೆಂಚಿನ ಮೇಲೆ ಚಾದರ ಹಾಸಿದ. ಕೈಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆ. "ನಾಳೆಗೊಂದು ಅಂಗಿ ಇತ್ತು."

"ಬೇಡ! ಬಿಸಿ ತಾಗಿಸಬೇಡ ಕಣೋ! ಬಣ್ಣ ಏಳುತ್ತೆ!"

ಕೂಗು ಬೀದಿಗೆ ಕೇಳಿಸಿತು. ಕಿಟಕಿಯಾಚೆ ತಳ್ಳುಗಾಡಿ ನಿಂತಿತು. ಕಿರಾಣಿಯವನು ಸರಳುಗಳ ನಡುವೆ ಮುಖವಿಟ್ಟು ಗಡಿಯಾರವನ್ನು ನೋಡಿದ, ಬೆಂಚನ್ನು ನೋಡಿದ, ಕೊನೆಗೆ ಸಾಹೇಬರನ್ನು ನೋಡಿದ.

"ಸಾಹೇಬ್ರೇ, ನಾಳೆ ನಮ್ಮ ಹೊಸ ತಕ್ಕಡಿ ಪರೀಕ್ಷೆಗೆ ಎಷ್ಟು ಹೊತ್ತಿಗೆ ಬರ್ತೀರಿ?"

ತಕ್ಕಡಿ ಸಾಹೇಬರು ಸರಿದು ಬೆಂಚಿಗೆ ಅಡ್ಡ ನಿಂತರು. ನೌಕರಿಗೆ ಸೇರಿದಂದಿನಿಂದ ಆಡದ ಮಾತನ್ನು ಆಡಿದರು.

"ಬರಲ್ಲ. ನಿಮ್ಮ ತಕ್ಕಡಿ ಸರಿಯಾಗೇ ಇದೆ."