ಮಾವನ ಒಂದು ಡಿಗ್ರಿ

ಭೂಮಿ ಬಿಸಿಯಾಗಿದೆ ಎಂಬ ಸಂಗತಿ ಜಗತ್ತಿಗೆಲ್ಲ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ನನ್ನ ಸೋದರಮಾವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಅದಕ್ಕೆ ಕವಡೆ ಕಾಸಿನ ಕಿಮ್ಮತ್ತು ಕೊಡಲಿಲ್ಲ! ಯಾಕೆ ಕೊಡಬೇಕು ಹೇಳಿ? ನೀವು, ನಾನು ಭೂಮಿಯ ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡಿದವರು. ಅವನು ಇಪ್ಪತ್ತೆಂಟು ವರ್ಷ ಅದರ ಹೊಟ್ಟೆಯೊಳಗೆ ಓಡಾಡಿ ಬಂದವನು.

ಬಂಗಾರಪೇಟೆ ಪಕ್ಕದ ನಮ್ಮೂರಿನಿಂದ ಬೆಳಗಿನ ರೈಲು ಹಿಡಿದು ಕೆ.ಜಿ.ಎಫ್‌ಗೆ ಹೋಗುವುದು, ಕೇಜು ಎಂಬ ಕಬ್ಬಿಣದ ಗೂಡಿನಲ್ಲಿ ನಿಂತು ಗಣಿಗೆ ಇಳಿಯುವುದು, ಅಲ್ಲಿ ಗಾಳಿಯ ಬಿಸಿ ಅಳೆಯುವುದು, ಇದು ಅವನ ಕೆಲಸ. ಅದಕ್ಕೊಂದು ಉಪಕರಣ. ಒಂದು ಚೌಕಟ್ಟಿನಲ್ಲಿ ಎರಡು ಥರ್ಮಾಮೀಟರು, ಒಂದರ ಬುಡಕ್ಕೆ ಒದ್ದೆ ಬಟ್ಟೆ, ತಿರುಗಿಸಲು ಒಂದು ಹಿಡಿ. ಗರಗರ ತಿರುಗಿಸಿ ನೋಡಿದರೆ ಬಟ್ಟೆಯಿಲ್ಲದ್ದು ಗಾಳಿ ಎಷ್ಟು ಬಿಸಿ ಎಂದು ಹೇಳುತ್ತದೆ. ಒದ್ದೆಯದು ಆ ಗಾಳಿಯಲ್ಲಿ ಮನುಷ್ಯನ ಬೆವರು ಆರುತ್ತದೋ ಇಲ್ಲವೋ ಎಂದು ಹೇಳುತ್ತದೆ. ಒದ್ದೆಯದು ಗೊತ್ತುಮಾಡಿದ ಗೆರೆ ದಾಟಿತೋ, ಅಲ್ಲಿನ ಕೆಲಸ ನಿಲ್ಲಿಸಿ ಆಳುಗಳನ್ನು ತಂಪಿರುವ ಕಡೆ ಕಳಿಸಬೇಕು. ನೋಡಲು ಥೇಟ್ ಮಕ್ಕಳ ಗಿಲಕಿ. "ನನ್ ತಮ್ಮ ಗಿಲಕಿ ಆಡ್ಸಿ ಸಂಬಳ ತಗೊಂಡು ಬತ್ತಾನೆ" ಎಂದು ನಮ್ಮಮ್ಮ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅದು ಹೆಮ್ಮೆಯೋ ಗೇಲಿಯೋ ನನಗಿನ್ನೂ ತಿಳಿದಿಲ್ಲ.

ಹಾಗೆ ಕೆಳಗೆ ಬೆಂದು ಬಂದ ಮನುಷ್ಯನಿಗೆ ಮೇಲಿನ ಬೇಸಿಗೆ ಯಾವ ಲೆಕ್ಕ? ಏಪ್ರಿಲ್ ತಿಂಗಳಲ್ಲಿ ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರಂ ಕಾದ ಕಾವಲಿಯಾಗಿರುವಾಗ, ಜನ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಿರುವಾಗ, ನಮ್ಮ ಮಾವ ಸ್ವೆಟರು ತೊಟ್ಟು, ಕಿವಿಗೆ ಮಫ್ಲರು ಸುತ್ತಿ ರೈಲಿನಿಂದ ಇಳಿಯುತ್ತಿದ್ದ! ಒಂದು ಸಲ ಟಿಕೆಟ್ ಕಲೆಕ್ಟರು ಅವನ ಹಣೆ ಮುಟ್ಟಿ ನೋಡಿ, "ಜ್ವರ ಇದೆಯೇನ್ರೀ?" ಎಂದರಂತೆ. "ಜ್ವರ ಇರೋದು ಕೆಳಗಡೆಯೋಳ್ಗೆ ಸಾ, ನಂಗಲ್ಲ" ಎಂದು ನೆಲ ತೋರಿಸಿ ಬಂದಿದ್ದ.

ನಿವೃತ್ತಿಯ ದಿನ ಗಣಿಯವರು ಅವನಿಗೆ ಒಂದು ಹಾರ ಹಾಕಿ, ಹಿಡಿ ಸೀಳಿದ್ದ ಒಂದು ಹಳೆಯ ಗಿಲಕಿಯನ್ನು ನೆನಪಿಗೆಂದು ಕೊಟ್ಟು ಕಳಿಸಿದರು. ಪುಣ್ಯಾತ್ಮರು, ಹಾರವಷ್ಟೇ ಕೊಟ್ಟಿದ್ದರೆ ಆಗುತ್ತಿರಲಿಲ್ಲವೆ? ಅವತ್ತಿನಿಂದ ನಮ್ಮ ಮನೆಯಲ್ಲಿ ಬಿಸಿಯಾದದ್ದು, ತಣ್ಣಗಾದದ್ದು ಯಾವುದೂ ಮಾವನ ಅಪ್ಪಣೆಯಿಲ್ಲದೆ ಆಗುವಂತಿರಲಿಲ್ಲ. ಹಾಲಿಗೆ ಹೆಪ್ಪು ಹಾಕುವ ಮುಂಚೆ ಅವನು ಬಂದು ನೋಡಬೇಕು. ಕೋಳಿ ಕಾವಿಗೆ ಕೂತ ಮೂಲೆಯಲ್ಲಿ ಗಿಲಕಿ ತಿರುಗಿಸಬೇಕು. ಕೋಳಿ ಎದ್ದು ಓಡಿಹೋದರೆ ಅದು ಕೋಳಿಯ ತಪ್ಪು!

ನನ್ನ ಮದುವೆಯಲ್ಲಂತೂ ಕೇಳಬೇಡಿ. ಧಾರೆಗೆ ಇನ್ನೇನು ಕೂರಬೇಕು, ಚಪ್ಪರದ ನಡುವೆ ಬಂದು ನಿಂತು, ಕಣ್ಣು ಅರ್ಧ ಮುಚ್ಚಿ, ಗಿಲಕಿಯನ್ನು ಗರಗರ ತಿರುಗಿಸತೊಡಗಿದ. ಗಂಡಿನ ಕಡೆಯವರು ಮುಳಬಾಗಿಲು ಕಡೆಯ ತೆಲುಗು ಮಾತಿನ ಜನ. ಸೋದರಮಾವ ಮಾಡುವ ಶಾಸ್ತ್ರವೇ ಇರಬೇಕೆಂದು ಎಲ್ಲರೂ ಎದ್ದು ನಿಂತರು. ಒಬ್ಬ ಅಜ್ಜಿ ಭಕ್ತಿಯಿಂದ ಅವನ ತಲೆಗೆ ಅಕ್ಷತೆ ಹಾಕಿ, "ಮಾ ವೈಪು ಕೂಡಾ ತಿಪ್ಪಾಲಾ?" ಎಂದು ಕೇಳಿದರು. ನಮ್ಮ ಕಡೆಯಿಂದಲೂ ತಿರುಗಿಸಬೇಕೆ ಎಂದು! ಮಾವ ಗಂಭೀರವಾಗಿ ಗಿಲಕಿಯನ್ನು ಅವರ ಕೈಗೆ ಕೊಟ್ಟ. ಅಜ್ಜಿ ಮೂರು ಸುತ್ತು ತಿರುಗಿಸಿದರು. ಆಮೇಲೆ ನನ್ನ ಮೈದುನನ ಮದುವೆ ಬಂದಾಗ, "ಗಿಲಕಿ ಶಾಸ್ತ್ರಕ್ಕೆ ನಿಮ್ಮ ಮಾವನನ್ನ ಕರ್ಕೊಂಡು ಬಾಮ್ಮ" ಎಂದು ನಮ್ಮತ್ತೆ ನನಗೆ ನೆನಪಿಸಿದರು.

ತೊಂಬತ್ತರ ದಶಕ ಶುರುವಾದ ಹೊತ್ತಿಗೆ ನಾನು ತವರಿನಲ್ಲೇ ಇದ್ದುಕೊಂಡು ಬಂಗಾರಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಭೂಮಿ ಬಿಸಿಯಾಗುತ್ತಿದೆ, ಹೊಗೆಯೇ ಕಾರಣ, ಒಂದೆರಡು ಡಿಗ್ರಿ ಏರಿದರೂ ಅಪಾಯ ಎಂದು ಪೇಪರಿನಲ್ಲಿ ಬರತೊಡಗಿತು. ಓದಿ ಹೇಳಿದೆ. ಮಾವ ಕೆಮ್ಮು ಬರುವಷ್ಟು ನಕ್ಕ.

"ಒಂದು ಡಿಗ್ರಿಗಾ ಇಷ್ಟು ಕೂಗಾಟ? ಕೇಜಲ್ಲಿ ಇಳಿಯೋ ಒತ್ಗೆ ನಮ್ಗೆ ಅದರಪ್ಪನಂಥ ಡಿಗ್ರಿ ಏರೋದು ಕಣಮ್ಮಣ್ಣಿ. ಕೆಳಗೆ ಓಗಿ ಮೊಸರನ್ನ ತಿಂದ್ಕೊಂಡು ಬತ್ತಿದ್ವಿ!"

"ಮಾವ, ಅದು ಬೇರೆ, ಇದು ಬೇರೆ."

"ಏನ್ ಬೇರೆ? ಅಳದೋರ್ ಯಾರು? ನೆಳ್ಳಲ್ಲಿ ಇಟ್ಟಿದ್ರಾ ಬಿಸಿಲಲ್ಲಿ ಇಟ್ಟಿದ್ರಾ? ಬಟ್ಟೆ ಒದ್ದೆ ಇತ್ತಾ? ಕೇಳ್ದಾ?"

ನಾನು ಕೇಳಿರಲಿಲ್ಲ. ಬಿ.ಎಸ್ಸಿ. ಓದಿದವಳಿಗೆ ತೋಚದ ಪ್ರಶ್ನೆಗಳು ಅವು! ಆದರೂ ನನಗೆ ಹಟ ಹಿಡಿಯಿತು. ಮನೆಯಲ್ಲಿರುವ ಈ ಒಬ್ಬನನ್ನು ಒಪ್ಪಿಸಲಾಗದ ನಾನು ಒಂದು ಕ್ಲಾಸಿನ ಮಕ್ಕಳನ್ನು ಹೇಗೆ ಒಪ್ಪಿಸಲಿ? ಒಂದು ಡಿಗ್ರಿ ಎಂದರೆ ಸಣ್ಣದಲ್ಲ ಎಂದು ಅವನ ಬಾಯಿಂದಲೇ ಹೇಳಿಸುತ್ತೇನೆ ಎಂದು ಪಣ ತೊಟ್ಟೆ. ಊಟಕ್ಕೆ ಕೂತರೆ ಅದೇ ಮಾತು, ಎದ್ದರೆ ಅದೇ ಮಾತು. ಅವನು ಪ್ರತಿ ಸಲವೂ ನಕ್ಕ.

ಅವನು ನಗದೇ ಹೋದದ್ದು ಒಂದೇ ಸಲ. ಸ್ಟೇಷನ್ ಎದುರಿನ ಟೀ ಅಂಗಡಿಯವನು, "ನೀವು ನೆಲಕ್ಕೆ ತೂತು ಒಡ್ದು ಒಡ್ದು ಮುಚ್ದೆ ಬಂದ್ರಲ್ಲ ಮಾವ, ಒಳಗಿನ್ ಬಿಸಿಯೆಲ್ಲ ಅದ್ರಾಗೇ ಆಚೆ ಬಂದೈತೆ" ಎಂದುಬಿಟ್ಟ. ತಮಾಷೆಗೆ ಅಂದದ್ದು. ಮಾವ ಮಾತ್ರ ಅರ್ಧ ಟೀ ಬಿಟ್ಟು ಎದ್ದು ಬಂದ. ಊಟ ಸೇರಲಿಲ್ಲ. ಪ್ರಪಂಚದ ತಾಪವೆಲ್ಲ ತನ್ನ ತಲೆಗೇ ಬಂತಲ್ಲ ಎಂಬ ಮುಖ! ಮರುದಿನ ಗಿಲಕಿ ಹಿಡಿದು ರೈಲು ಹತ್ತಿದವನು, ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಪಾಳುಬಿದ್ದ ಒಂದು ಗಣಿಬಾವಿಯ ಬೇಲಿಯ ಪಕ್ಕ ನಿಂತು, ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ತಿರುಗಿಸಿ ನೋಡಿ ಬಂದು ಟೀ ಅಂಗಡಿಯಲ್ಲಿ ಘೋಷಿಸಿದ: "ನಮ್ದಲ್ಲ ಕಣ್ಲಾ! ಬೇರೆ ಯಾರ್ದೋ!" ಅವತ್ತು ಎರಡು ಟೀ ಕುಡಿದ.

ಆ ವರ್ಷದ ಮಾರ್ಚಿನಲ್ಲಿ ನಮ್ಮ ಶಾಲೆಗೆ ಒಬ್ಬ ದೊಡ್ಡ ಅಧಿಕಾರಿ ಬರುವವರಿದ್ದರು. ನಮಗೊಂದು ವಿಜ್ಞಾನದ ಕೋಣೆ ಬೇಕಾಗಿತ್ತು, ಅವರು ಮನಸ್ಸು ಮಾಡಬೇಕಾಗಿತ್ತು. ಮೊದಲು ಮೈದಾನದಲ್ಲಿ ಮಕ್ಕಳ ಡ್ರಿಲ್ಲು, ಆಮೇಲೆ "ಭೂಮಿ ಬಿಸಿಯಾಗುತ್ತಿದೆ, ನಾವು ಚಿಂತಿಸಬೇಕೆ?" ಎಂಬ ಚರ್ಚಾಸ್ಪರ್ಧೆ. ಮಕ್ಕಳಿಗೆ ಗಿಲಕಿ ತೋರಿಸಲೆಂದು ನಾನೇ ಕೈಯಾರೆ ಮಾವನನ್ನು ಕರೆದುಕೊಂಡು ಹೋದೆ. ಮಾಡಿಕೊಂಡದ್ದನ್ನು ಉಣ್ಣಬೇಕಲ್ಲ!

ಹತ್ತಕ್ಕೆ ಬರಬೇಕಾದ ಅಧಿಕಾರಿ ಹನ್ನೆರಡಾದರೂ ಬರಲಿಲ್ಲ. ಮಕ್ಕಳು ಸಾಲಾಗಿ ಬಿಸಿಲಲ್ಲೇ ನಿಂತಿದ್ದರು. ಮಾವ ಮೈದಾನದ ಅಂಚಿನಲ್ಲಿ ಗಿಲಕಿ ತಿರುಗಿಸಿದ. ನೋಡಿದ. ಬಟ್ಟೆ ಒದ್ದೆ ಮಾಡಿ ಮತ್ತೆ ತಿರುಗಿಸಿದ. ಸೀದಾ ನಮ್ಮ ಹೆಡ್‌ಮೇಡಂ ಹತ್ತಿರ ಬಂದು, "ಗೆರೆ ದಾಟೈತಮ್ಮ. ಮಕ್ಳನ್ನ ನೆಳ್ಳಿಗೆ ಬುಡಿ" ಎಂದ.

ಮೇಡಂ ಗೇಟಿನ ಕಡೆಯಿಂದ ಕಣ್ಣು ತೆಗೆಯದೆ, "ಎಷ್ಟು ದಾಟಿದೆ?" ಎಂದರು.

"ಒಂದು ಡಿಗ್ರಿ."

"ಒಂದೇ ಡಿಗ್ರಿ ತಾನೇ? ಇನ್ನು ಅರ್ಧ ಗಂಟೆ. ಏನಾಗುತ್ತೆ?"

ನನಗೆ ಒಳಗೊಳಗೇ ನಗು. ಮಾವನ ಮಾತು ಮಾವನಿಗೇ ತಿರುಗುಬಾಣ! ಆದರೆ ಅವನ ಮುಖ ನೋಡಿ ನಗು ನಿಂತುಹೋಯಿತು. ಅಂಥ ಮುಖ ನಾನು ಯಾವತ್ತೂ ಕಂಡಿರಲಿಲ್ಲ. ಅವನು ಸಾಲುಗಳ ಒಳಗೆ ನುಗ್ಗಿದ. ಒಬ್ಬೊಬ್ಬರ ಕತ್ತಿನ ಹಿಂದೆ ಕೈ ಇಟ್ಟು ನೋಡುತ್ತಾ ಹೋದ. ನಾನು ಅವಮಾನದಿಂದ "ಮಾವ, ಬಾ ಈ ಕಡೆ" ಎಂದು ಹಿಂದೆ ಓಡಿದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗಿಯ ಹತ್ತಿರ ನಿಂತ. ಸುತ್ತಲಿನ ಮಕ್ಕಳೆಲ್ಲ ಬೆವರಿ ತೊಪ್ಪೆಯಾಗಿದ್ದರು. ಅವಳ ಕತ್ತು ಮಾತ್ರ ಒಣಗಿತ್ತು.

"ಎಂಗಿದೀಯವ್ವ?"

"ನಂಗೇನಾಗಿದೆ ತಾತ? ಚೆನ್ನಾಗಿದೀನಿ" ಎಂದು ಅವಳು ನಕ್ಕಳು.

ಮಾವ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಹೊಂಗೆಮರದ ಕಡೆ ಓಡಿದ. ಅರವತ್ತು ದಾಟಿದ ಮುದುಕ! ಓಡುತ್ತಲೇ, "ಎಲ್ರೂ ನೆಳ್ಳಿಗೆ ಬನ್ರಿ! ಶಿಫ್ಟು ಮುಗೀತು!" ಎಂದು ಕೂಗಿದ. ಮಕ್ಕಳಿಗೆ ಅಷ್ಟೇ ಬೇಕಾಗಿತ್ತು. ಮೈದಾನ ಖಾಲಿ! ಮರದ ಕೆಳಗೆ ತಲುಪುವಷ್ಟರಲ್ಲಿ ಆ ಹುಡುಗಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಮಾವ ಒಂದು ಕೊಡ ನೀರು ಅವಳ ಮೈಮೇಲೆ ಸುರಿಸಿ, ತನ್ನ ಟವೆಲು ನೆನೆಸಿ ಹೊದಿಸಿ, ನಮ್ಮ ಚರ್ಚಾಸ್ಪರ್ಧೆಯ ಬೋರ್ಡನ್ನೇ ಕಿತ್ತು ಗಾಳಿ ಬೀಸತೊಡಗಿದ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟು ನೀರು ಕೇಳಿದಳು. ನಮ್ಮ ಅಟೆಂಡರು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮರುವಾರ ಅವಳು ಶಾಲೆಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು.

ಅಧಿಕಾರಿ ಬಂದಾಗ ಸ್ವಾಗತಕ್ಕೆ ಖಾಲಿ ಮೈದಾನ ಸಿಕ್ಕಿತು. ಅವರೂ ಮರದ ಕೆಳಗೇ ಬಂದು ಕೂತು, ಮಜ್ಜಿಗೆ ಕುಡಿದು, ಚರ್ಚೆ ಕೇಳಿದರು. ಕೋಣೆ ಬಂತೇ ಎನ್ನುತ್ತೀರಾ? ಬಂತು, ಮೂರು ವರ್ಷ ಕಳೆದ ಮೇಲೆ!

ಸಂಜೆ ಹೊರಟಾಗ ಮಾವ ದಾರಿಯಲ್ಲಿ ಒಂದು ಕಟ್ಟೆಯ ಮೇಲೆ ಕೂತುಬಿಟ್ಟ.

"ಕೆಳಗೆ ಒಂದಿನ ಒದ್ದೆಬಟ್ಟೇದು ಗೆರೆ ಮೇಲೆ ಒಂದು ಡಿಗ್ರಿ ತೋರ್ಸ್ತು ಕಣಮ್ಮಣ್ಣಿ. ನನ್ ಸ್ನೇಯ್ತ ಅಲ್ಲಿ ಬಂಡೆ ಕೊರೀತಿದ್ದ. 'ಇನ್ನರ್ಧ ಗಂಟೆ ಬುಡು, ಮುಗಿಸ್ಬುಡ್ತೀನಿ' ಅಂದ. ಒಂದು ಡಿಗ್ರಿಗೆ ಏನಾಗ್ತದೆ ಅಂತ ನಾನೇ ಪುಸ್ತಕದಾಗೆ ಒಂದು ಕಮ್ಮಿ ಬರ್ದೆ. ತಿರ್ಗಾ ಬಂದ್ ನೋಡಿದ್ರೆ ಅವ್ನ ಮೈ ಒಣಗೈತೆ. ಬೆವರು ಆರಿ ತಂಪಾಗವ್ನೆ ಅಂದ್ಕೊಂಡೆ, ಪೆದ್ದ ನಾನು. ಬೆವರೋದೇ ನಿಂತೋಗಿ ಒಳಗೊಳಗೇ ಬೇಯ್ತಿದ್ದ. ಎಂಗಿದೀಯ ಅಂದ್ರೆ, ನಂಗೇನಾಗೈತೆ ಅಂತ ನಕ್ಕ. ನಗ್ತಾ ನಗ್ತಾನೇ ಬಿದ್ದೋದ. ಪ್ರಾಣ ಉಳೀತು. ಬುದ್ಧಿ ಕೆಳಗೇ ಉಳ್ಕೊಂತು."

"ಮತ್ತೆ ಒಂದು ಡಿಗ್ರಿ ಅಂದ್ರೆ ನಗ್ತಿದ್ದೆಯಲ್ಲ ಮಾವ?"

"ಇನ್ನೇನ್ ಮಾಡ್ಲಿ? ಒಂದು ಡಿಗ್ರಿ ದೊಡ್ಡದು ಅಂತ ಒಪ್ಕೊಂಡ್ರೆ, ನಾನ್ ಮಾಡಿದ್ದೂ ದೊಡ್ಡದೇ ಆಗ್ತದಲ್ಲಮ್ಮಣ್ಣಿ."

ಪಣ ಗೆದ್ದಿದ್ದೆ. ಅಷ್ಟು ಬೇಡವಾದ ಗೆಲುವು ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಭೂಮಿಯ ಬಗ್ಗೆ ಚಿಂತಿಸಬೇಕೆ ಎಂದು ಇವತ್ತು ಯಾರಾದರೂ ಕೇಳಿದರೆ, ನಾನು ಆವತ್ತು ಮಾವ ಹೇಳಿದ್ದನ್ನೇ ಹೇಳುತ್ತೇನೆ: "ಸೆಕೆ ಸೆಕೆ ಅಂತ ಬೈಕೊಂಡು ಬೆವರೋನು ಬದುಕ್ಕೊತಾನೆ. ನಂಗೇನಾಗೈತೆ ಅನ್ನೋನ್ ಪಕ್ದಾಗೆ ಮಾತ್ರ ಒಬ್ರು ನಿಂತಿರ್ಬೇಕು."

ಮುಂದಿನ ಭಾನುವಾರ ಅವನ ಜೊತೆ ನಾನೂ ಚಾಂಪಿಯನ್ ರೀಫ್ಸ್‌ಗೆ ಹೋದೆ. ಗಣಿಯವರ ಸಾಲುಮನೆಯೊಂದರ ಬಾಗಿಲಲ್ಲಿ, ಸ್ಟೂಲಿನ ಮೇಲೆ, ಬರೀ ಮೈಯಲ್ಲಿ ಆ ಸ್ನೇಹಿತ ಕೂತಿದ್ದರು. ಮಾವ ಎಷ್ಟೋ ವರ್ಷಗಳಿಂದ ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತಿದ್ದನಂತೆ. ನಮಗ್ಯಾರಿಗೂ ಹೇಳಿರಲಿಲ್ಲ. ಸಿನಿಮಾಕ್ಕೆ ಹೋಗುತ್ತಾನೆಂದು ನಾವು ಅಂದುಕೊಂಡಿದ್ದೆವು. ಅವನು ಬಾವಿಯಿಂದ ನೀರು ಸೇದಿ ತಂದು, ಮಗುವಿಗೆ ಎರೆದಂತೆ ಅವರಿಗೆ ಸ್ನಾನ ಮಾಡಿಸಿ, ಬೆನ್ನು ಒರೆಸಿದ. ಅವರು ಮಾವನನ್ನೂ ಗುರುತು ಹಿಡಿಯಲಿಲ್ಲ. ಸುಮ್ಮನೆ ಕತ್ತೆತ್ತಿ ಬೆಳಕನ್ನು ನೋಡಿ, "ಮೇಲೆ ವಂದುಟ್ಟೋಮಾ ಮಚ್ಚಾನ್?" ಎಂದು ತಮಿಳಿನಲ್ಲಿ ಕೇಳಿದರು. ಮೇಲಕ್ಕೆ ಬಂದುಬಿಟ್ಟೆವಾ ಭಾವ ಎಂದು.

"ವಂದುಟ್ಟೋಂ ಮಚ್ಚಾನ್" ಎಂದ ಮಾವ. "ಇಬ್ಬರೂ ಬಂದ್ಬಿಟ್ವಿ."